ಬಣ್ಣ ಕೇಳುವ ಮಿಸ್ತ್ರಿ

ಹಳೆಯ ಸಣ್ಣ ಕಾರಿನ ಬ್ಯಾಟರಿ ಚಾರ್ಜ್ ಆಗದಿದ್ದರೆ ತಪ್ಪು ಹೆಚ್ಚಾಗಿ ಕರೆಂಟನ್ನು ಹತೋಟಿಯಲ್ಲಿಡುವ ಕಟೌಟ್ ಡಬ್ಬಿಯದಲ್ಲ, ಅದಕ್ಕೆ ಬರುವ ತಂತಿಯದು. ಇಷ್ಟು ತಿಳಿಯದ ಮಾಲೀಕರು ಒಳ್ಳೆಯ ಡಬ್ಬಿಯನ್ನೇ ಕಿತ್ತೆಸೆಯುತ್ತಾರೆ. ವಡಗಾವಿಯ ಮಿಸ್ತ್ರಿ ಗುರುಪುತ್ರಪ್ಪ ಹಾಗೆ ಬಿಡುವವನಲ್ಲ. ಹಿಂದೆ ನೇಕಾರನಾಗಿ ಮಗ್ಗದಲ್ಲಿ ಹರಿದ ಎಳೆ ಹುಡುಕುತ್ತಿದ್ದ ಬೆರಳುಗಳಿಂದಲೇ ತಂತಿ ಸವರುತ್ತ ಬಾನೆಟ್ಟಿನೊಳಗೆ ಮುಳುಗಿದನೆಂದರೆ, ಊಟಕ್ಕೆ ಕರೆದ ಹೆಂಡತಿಗೂ ಹಾರ್ನಿನಲ್ಲೇ ಉತ್ತರ. ಹಿಂದಿನ ಮಿಸ್ತ್ರಿ ಡಬ್ಬಿಯನ್ನು ಸೀಟಿನಡಿ ಅಡಗಿಸಿದ್ದರೂ ಅವನಿಗೆ ಸಿಗುತ್ತದೆ. ನಡುನಡುವೆ ಮಾಲೀಕನಿಗೇ ಪರೀಕ್ಷೆ: “ಸಾವಕಾರ್ರ, ಈ ತಂತಿ ಯಾವ ಬಣ್ಣದ್ದರೀ?” “ಹಸರು.” “ಭಾಳ ಶಾಣ್ಯಾ ಅದೀರಿ!” ಡಬ್ಬಿ ನಿಜವಾಗಿಯೂ ಕೆಟ್ಟು, ಹೊಸದನ್ನು ಕೂರಿಸುತ್ತಿದ್ದ ಒಂದು ದಿನ, ಆ ಕಾರಿನ ಮಾಲೀಕ, ಖಾನಾಪುರದ ಮಧುಕರರಾಯರು, “ನನಗ ಸಾಲಿ ಕಲಸ್ತೀಯೇನು?” ಎಂದು ಹಸಿರು ತಂತಿಯನ್ನು ಬೇಕೆಂದೇ ಕೆಂಪು ಅಂದರು. ಅವನು ಹಾಗೆಯೇ ಜೋಡಿಸಿದ, ಡಬ್ಬಿ ಹೊಗೆಯಾಡಿತು. “ಖರೇ ಹೇಳಬೇಕಿತ್ತರೀ. ನನಗ ಕೆಂಪು, ಹಸರು ಎರಡೂ ಒಂದ ಕಾಣತಾವ,” ಎಂದ. ಹಸಿರು ಅಂಚು ಬೇಕಿದ್ದ ಮದುವೆ ಸೀರೆಗೆ ಕೆಂಪು ಅಂಚು ನೇಯ್ದು ಮಗ್ಗ ಕಳೆದುಕೊಂಡವನು ಅವನು. ರಾಯರು ಊರೆಲ್ಲ ‘ಕುರುಡ ಮಿಸ್ತ್ರಿ’ ಎಂದು ಸಾರಿದರು. ಈಗ ಅವನ ಬಾಗಿಲಿಗೆ ಕಾರುಗಳೇ ಬರುತ್ತಿಲ್ಲ. ನಾಳೆಯೇ ನಿಮ್ಮ ಕಾರನ್ನು ಅಲ್ಲಿಗೆ ಒಯ್ಯಿರಿ, ಅವನ ಬಾಜೂ ನಿಂತು ಒಂದೊಂದು ತಂತಿಯ ಬಣ್ಣವನ್ನೂ ಸರಿಯಾಗಿ ಹೇಳಿರಿ.