ಗಜಕರ್ಣ ಮೊದಲು ಯಾರಿಗೆ ಬಂತು

ಹೋದ ವರ್ಷ ಬಿಸಿಲು ಏರತೊಡಗಿದ ದಿನಗಳಲ್ಲಿ ನನ್ನ ಸೊಂಟದ ಮೇಲೆ ಗಜಕರ್ಣ ಎದ್ದಿತು. ನಾನು ಕಮಲಾಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಮನೆ ಕಲಬುರಗಿಯಲ್ಲಿ, ಐವಾನ್-ಎ-ಶಾಹಿ ಕಡೆ. ದಿನಾ ಹೋಗಿಬರುವ ಬಸ್ಸಿನಲ್ಲಿ ಬೆವರೆಲ್ಲ ಇಳಿದು ಬೆಲ್ಟಿನ ಕೆಳಗೆ ನಿಲ್ಲುತ್ತಿತ್ತು. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕೆಂಪು ಉಂಗುರ, ಅಂಚಿನಲ್ಲಿ ಸಣ್ಣ ಗುಳ್ಳೆಗಳು. ಬೋರ್ಡಿನ ಮೇಲೆ ಪ್ರಮೇಯ ಬರೆಯುತ್ತ ನಿಂತವನಿಗೆ ಅಂಥ ಜಾಗದಲ್ಲಿ ತುರಿಕೆ ಬಂದರೆ ಏನು ಮಾಡಬೇಕು ಹೇಳಿ. ನಾನು ಮೇಜಿನ ಮೂಲೆಗೆ ಸೊಂಟ ಒತ್ತಿಕೊಂಡು ಪಾಠ ಮಾಡಿದೆ.

ಹೆಂಡತಿಗೆ ಹೇಳಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನ ಅನರ್ಥಕ್ಕೆಲ್ಲ ಇದೇ ಕಾರಣ. ನಮ್ಮ ಮನೆಯಲ್ಲಿ ಸ್ನಾನ, ಮಡಿ, ಪೂಜೆ ಎಲ್ಲ ಕಟ್ಟುನಿಟ್ಟು. ಹೊರಗಿನಿಂದ ಬಂದು ಕಾಲು ತೊಳೆಯದೆ ಒಳಗೆ ಕಾಲಿಟ್ಟರೆ ಆಕೆಯ ಮೇಲೆ ರೇಗುವವನು ನಾನು. ಅಂಥ ಶುಚಿವಂತನ ಮೈಮೇಲೆ ಗಜಕರ್ಣ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕಲಬುರಗಿಯ ಔಷಧಿ ಅಂಗಡಿಯವರೆಲ್ಲ ಗುರುತಿನವರು. ಹಾಗಾಗಿ ಕಮಲಾಪುರದ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಗೆ ಹೋಗಿ ದನಿ ತಗ್ಗಿಸಿ ಕೇಳಿದೆ. ಅಂಗಡಿಯಾತ ಚೀಟಿಯನ್ನೂ ಕೇಳಲಿಲ್ಲ, ಮುಖವನ್ನೂ ಎತ್ತಲಿಲ್ಲ. ಒಂದು ಟ್ಯೂಬ್ ಮುಂದೆ ತಳ್ಳಿದ. "ಎರಡ ದಿನದಾಗ ಆರಾಮ ಆಗ್ತದ ನೋಡ್ರಿ ಸರ್. ಫಿಕರ್ ಮಾಡಬ್ಯಾಡ್ರಿ."

ನಿಜಕ್ಕೂ ಎರಡೇ ದಿನದಲ್ಲಿ ಮಾಯವಾಯಿತು. ಡಾಕ್ಟರುಗಳೆಲ್ಲ ದಂಡ ಅನ್ನಿಸಿ ಖುಷಿಯಾಯಿತು. ಹತ್ತು ದಿನಕ್ಕೆ ಮತ್ತೆ ಬಂತು, ಈ ಸಲ ಅಂಗೈಯಗಲ. ಮತ್ತೊಂದು ಟ್ಯೂಬ್ ತಂದೆ. ಹೀಗೆ ಮೂರು ತಿಂಗಳು ಬಚ್ಚಲಿನ ಚಿಲಕ ಹಾಕಿಕೊಂಡು ಕಳ್ಳನಂತೆ ಮುಲಾಮು ಹಚ್ಚಿದೆ.

ಆಮೇಲೆ ಹೆಂಡತಿಗೆ ಬಂತು. ಕುಸನೂರಿನ ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಂದಿದ್ದಳು. ವಾರಕ್ಕೆ ತೊಡೆಯ ಮೇಲೆ ಅದೇ ಉಂಗುರ.

"ಇದೇನ್ರಿ ಇದು, ಸ್ವಲ್ಪ ನೋಡ್ರಿ," ಎಂದಳು.

ನನಗೆ ನೋಡಿದ ಕೂಡಲೇ ತಿಳಿಯಿತು. ಹೆದರಿಕೆಯೂ ಆಯಿತು. ಹೆದರಿದಾಗ ನಾನು ಜೋರು ಮಾಡುತ್ತೇನೆ, ಅದು ನನ್ನ ಹಳೆಯ ಚಾಳಿ. "ನಿಮ್ಮ ಮನ್ಯಾಗ ಒಬ್ಬರ ಟಾವೆಲ್ ಇನ್ನೊಬ್ಬರು ತಗೋತೀರಿ. ಅಲ್ಲಿಂದನೇ ತಂದಿ ನೋಡು," ಎಂದೆ. ಆಕೆ ನನ್ನನ್ನೇ ಸ್ವಲ್ಪ ಹೊತ್ತು ನೋಡಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ತಪ್ಪು ಒಪ್ಪಿಕೊಂಡಳು ಎಂದು ಎಣಿಸಿದೆ. ಅಷ್ಟು ಮೂರ್ಖ ನಾನು.

ಅಂದಿನಿಂದ ಆಕೆ ಬೇರೆ ಚಾಪೆ ಹಾಸಿಕೊಂಡಳು, ಟಾವೆಲ್ಲು ಬೇರೆ ಮಾಡಿಕೊಂಡಳು. ಐದು ವರ್ಷದ ಮಗಳನ್ನು ಮೈಗೆ ಹಚ್ಚಿಕೊಳ್ಳುವುದನ್ನೇ ಬಿಟ್ಟಳು. ಮಗು ಅತ್ತು ಅತ್ತು ಕೊನೆಗೆ ನನಗೆ ಅಂಟಿಕೊಂಡಿತು. ಒಂದು ದಿನ ಅದಕ್ಕೆ ಲಂಗ ತೊಡಿಸುವಾಗ ತೊಡೆಯ ಹಿಂಭಾಗದಲ್ಲಿ ಕೆಂಪು ಉಂಗುರ ಕಂಡಿತು.

ಮೂವರೂ ಚರ್ಮದ ಡಾಕ್ಟರ ಹತ್ತಿರ ಹೋದೆವು. ಅವರು ಉಂಗುರದ ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಮೇಲೆ ಹಾಕಿ ಪರೀಕ್ಷಿಸಿದರು. ಆಮೇಲೆ ಕೇಳಿದರು: "ಮೊದಲು ಯಾರಿಗೆ ಬಂತು? ಎಷ್ಟು ದಿನ ಆತು? ಅಂಗಡಿ ಟ್ಯೂಬ್ ಯಾರರ ಹಚ್ಚಿರೇನು? ಖರೆ ಹೇಳ್ರಿ, ಅದರ ಮ್ಯಾಲೆ ಔಷಧ ಕೊಡಬೇಕಾಗ್ತದ."

"ನನಗ ಬಂತ್ರಿ," ಎಂದಳು ಆಕೆ. "ತಿಂಗಳಾತು."

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ನನ್ನ ಕಡೆ ಡಾಕ್ಟರು ತಿರುಗಿದರು. "ನನಗ ಆಮ್ಯಾಲೆ," ಎಂದೆ. "ಟ್ಯೂಬ್ ಏನೂ ಹಚ್ಚಿಲ್ರಿ."

ಅವರು ನಂಬಿದರು. ದೊಡ್ಡವರಿಬ್ಬರಿಗೆ ಮಾತ್ರೆ, ಮಗುವಿಗೆ ಬರೀ ಮುಲಾಮು. ಉಂಗುರದಾಚೆಗೂ ಎರಡು ಬೆರಳಗಲ ಮುಲಾಮು ಹಚ್ಚಬೇಕು, ಕಲೆ ಹೋದಮೇಲೂ ಎರಡು ವಾರ ಬಿಡಬಾರದು, ಒದ್ದೆ ಮೈಮೇಲೆ ಬಟ್ಟೆ ತೊಡಬಾರದು, ಎಲ್ಲ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ ಇಸ್ತ್ರಿ ಮಾಡಬೇಕು. ಅಂಗಡಿಗಳಲ್ಲಿ ಹಾಗೇ ಕೊಡುವ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇರುತ್ತದೆ, ತುರಿಕೆ ಅಡಗುತ್ತದೆ, ಒಳಗೊಳಗೇ ರೋಗ ಹಬ್ಬುತ್ತದೆ ಎಂದೂ ಎಚ್ಚರಿಸಿದರು. ನಾನು ತಲೆಯಾಡಿಸುತ್ತ ಕೂತಿದ್ದೆ.

ಆಕೆ ಚಾಚೂ ತಪ್ಪದೆ ಎಲ್ಲ ಮಾಡಿದಳು. ಹಂಡೆ ನೀರು ಕಾಸಿ ಹೊದಿಕೆಯಿಂದ ಕರ್ಚೀಫಿನವರೆಗೆ ಒಗೆದಳು. ತಿಂಗಳೊಳಗೆ ಆಕೆಗೆ ಕಡಿಮೆಯಾಯಿತು. ನನಗೆ ಆಗಲಿಲ್ಲ. ಮಗಳಿಗೆ ಹೋದದ್ದು ಮತ್ತೆ ಬಂತು, ಈ ಸಲ ಎರಡೂ ತೊಡೆಗೆ. ಶಾಲೆಯಲ್ಲಿ ಅವಳನ್ನು ಬೇರೆ ಬೆಂಚಿಗೆ ಕೂರಿಸಿದರು. "ತೊಳೀಲಾರದ ಬಟ್ಟಿ ಏನರ ಉಳದದ ಏನ್ರಿ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಈ ಸಲ ಸುಳ್ಳು ಹೇಳಿರಲಿಲ್ಲ, ಒಗೆಯದೆ ಉಳಿದಿದ್ದ ಒಂದು ವಸ್ತ್ರ ನನ್ನ ಲೆಕ್ಕದಲ್ಲಿ ಬಟ್ಟೆಯೇ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಮುಗುಟ ಉಡುತ್ತಿದ್ದೆ. ಮುಗುಟ ಎಂದರೆ ರೇಷ್ಮೆಯ ಮಡಿಪಂಚೆ. ರೇಷ್ಮೆಗೆ ಮೈಲಿಗೆ ತಾಗುವುದಿಲ್ಲ ಎಂದು ನಮ್ಮಲ್ಲಿ ಅದನ್ನು ದಿನಾ ಒಗೆಯುವುದಿಲ್ಲ. ಪೂಜೆಯಾದ ಮೇಲೆ ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಕೋಲಿನಿಂದ ಹಾಕುತ್ತೇವೆ. ಅಪ್ಪ ಉಟ್ಟದ್ದು, ಈಗ ನಾನು ಉಡುವುದು. ಅದು ನೀರು ಕಂಡು ವರ್ಷವಾಗಿತ್ತು. ಸೊಂಟಕ್ಕೆ ಗಂಟು ಹಾಕುವಾಗ ನೋಡಿದೆ: ಗಂಟು ಎಲ್ಲಿ ಕೂರುತ್ತದೋ ಗಜಕರ್ಣ ಅಲ್ಲೇ ಸುತ್ತು ಬಂದಿತ್ತು. ಪೂಜೆ ಮುಗಿದು ತೀರ್ಥ ಕೊಟ್ಟ ಮೇಲೆ ಮಗಳು ದಿನಾ ನನ್ನ ತೊಡೆಗೆ ಬಂದು ಕೂರುತ್ತಿದ್ದದ್ದು ಇದೇ ಮುಗುಟದ ಮೇಲೆ. ಊರಿಗೆಲ್ಲ ಮಡಿ ಹೇಳುವ ನಾನು ನನ್ನ ಮಗುವಿಗೆ ಬೆಳಬೆಳಗ್ಗೆ ರೋಗ ಹಂಚುತ್ತಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಪೂಜೆಗೆ ಕೂರಲಿಲ್ಲ. ಮುಗುಟವನ್ನು ಬಿಸಿನೀರಲ್ಲಿ ನಾನೇ ನೆನೆಹಾಕಿದೆ. ಆಕೆ ಬಚ್ಚಲಿನ ಬಾಗಿಲಲ್ಲಿ ಬಂದು ನಿಂತಳು.

"ನನಗ ಮೊದಲು ಬಂದಿತ್ತು," ಎಂದೆ, ತಲೆ ಎತ್ತದೆ. "ನಿನಗಿಂತ ಮೂರು ತಿಂಗಳು ಮೊದಲು. ಯಾರಿಗೂ ಹೇಳಲಾರದ ಟ್ಯೂಬ್ ಹಚ್ಚಿಕೋತಿದ್ದೆ."

"ಗೊತ್ತದ," ಎಂದಳು. "ನಿಮ್ಮ ಬಟ್ಟಿ ಒಗ್ಯಾಕಿ ನಾನೇ ಅಲ್ಲೇನ್ರಿ? ಮುಲಾಮಿನ ಜಿಡ್ಡು ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ."

"ಮತ್ತ ಡಾಕ್ಟರ್ ಕೇಳಿದಾಗ ನನಗ ಅಂತ ಯಾಕ ಅಂದಿ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ನಾ ಹಂಗ ಅಂದ ಕೂಡಲೇ ನೀವು ಅಲ್ಲ ಅಂತೀರಿ ಅಂತ ತಿಳಕೊಂಡಿದ್ದೆ," ಎಂದಳು. "ಅವತ್ತು ಮಗಳು ನಿಮ್ಮ ತೊಡಿ ಮ್ಯಾಲೇ ಕೂತಿದ್ಲಲ್ರಿ."