ಡೈಪರ್ ಒಗೆದ ಅತ್ತೆ

"ತಂಗೀ, ಬೇಗ ಬಾರೇ! ಮಗೂ ಹೊಟ್ಟೆಯಿಂದ ಎಂತದೋ ಹೋಗಿದೆ!"

ನನ್ನನ್ನು ತಂಗೀ ಅಂತಲೇ ಕರೆಯುತ್ತಿದ್ದ ನಮ್ಮ ಅತ್ತೆ ಬಾವಿಕಟ್ಟೆಯಿಂದ ಕೂಗಿದ ರಭಸಕ್ಕೆ ನಾನು ಹಾಸಿಗೆಯಿಂದ ಎದ್ದೆನೋ ಬಿದ್ದೆನೋ ಅಂತ ಓಡಿದೆ. 2003ರ ಮೇ ತಿಂಗಳು. ಹೊನ್ನಾವರದಲ್ಲಿ ಬಂದರಿನ ಹತ್ತಿರ ಬಾಡಿಗೆ ಮನೆ, ಮಗಳಿಗೆ ಆಗ ಏಳು ತಿಂಗಳು.

ನೋಡಿದರೆ ಒಗೆಯುವ ಕಲ್ಲಿನ ತುಂಬ ನೆನೆಸಿಟ್ಟ ಸಾಬಕ್ಕಿಯಂಥ ಮುದ್ದೆ. ಅತ್ತೆಯ ಮೊಣಕೈವರೆಗೂ ಅದೇ ಮೆತ್ತಿಕೊಂಡಿದೆ. ಕೈಯಲ್ಲಿ ಹರಿದ ಡೈಪರ್!

ವಿಷಯ ಇಷ್ಟೇ. ಹಿಂದಿನ ದಿನ ಭಟ್ಕಳದಲ್ಲಿ ನೆಂಟರ ಮದುವೆ ಇತ್ತು. ಮುಂಬೈಯಿಂದ ಬಂದಿದ್ದ ನಾದಿನಿ, ಬಸ್ಸಿನಲ್ಲಿ ಮಗು ಒದ್ದೆ ಮಾಡಿಕೊಂಡರೆ ಕಷ್ಟ ಅಂತ ಒಂದು ಪ್ಯಾಕೆಟ್ ಡೈಪರ್ ಕೊಟ್ಟಿದ್ದಳು. ನಮ್ಮ ಮನೆಗೆ ಆ ವಸ್ತು ಬಂದದ್ದೇ ಅದು ಮೊದಲು.

ವಾಪಸ್ ಬಂದವಳು ಸುಸ್ತಾಗಿ ಅದನ್ನು ಬಿಚ್ಚಿ, ಮಗಳ ಬಟ್ಟೆಯ ಬಕೆಟ್ಟಿಗೇ ಹಾಕಿ ಮಲಗಿಬಿಟ್ಟಿದ್ದೆ. ಬಕೆಟ್ಟಿಗೆ ಬಿದ್ದದ್ದನ್ನೆಲ್ಲ ಒಗೆಯುವುದು ಅತ್ತೆಯ ಕೆಲಸ. ಒಗೆದರು!

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒದ್ದೆ ಕೈಯಲ್ಲೇ ಒಳಗೆ ಓಡಿದ್ದರು. ಮಗುವಿನ ಅಂಗಿ ಎತ್ತಿ ಹೊಟ್ಟೆ ಒತ್ತಿ ನೋಡುತ್ತಿದ್ದಾರೆ, ಹಣೆ ಮುಟ್ಟಿ ನೋಡುತ್ತಿದ್ದಾರೆ. "ಡಾಕ್ಟರ ಹತ್ರ ಹೋಗ್ವ, ಹೊರಡು ನೀನು" ಅನ್ನುತ್ತ ಮಗುವನ್ನು ಎತ್ತಿಕೊಂಡೇಬಿಟ್ಟರು.

ನಾನೋ... ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮವರು ನಕ್ಕರು, ನಾದಿನಿ ನೆಲದ ಮೇಲೆ ಕೂತೇ ನಕ್ಕಳು. ಅದರೊಳಗಿನ ಪುಡಿ ನೀರು ಕುಡಿದು ಹಾಗೆ ಉಬ್ಬುತ್ತದೆ ಅಂತ ಹೇಳಿದಾಗ ಅತ್ತೆಯೂ ಸ್ವಲ್ಪ ನಕ್ಕರು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ!

ಪಕ್ಕದ ಮನೆಯ ಶಾಲಿನಿಬಾಯಿಗೆ ಹೇಳಿದೆ. ಕುಮಟಾದಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಗೆಳತಿಯರಿಗೆ ಫೋನ್ ಮಾಡಿ ಹೇಳಿದೆ. ಶಾಲಿನಿಬಾಯಿಯಂತೂ ಬೇಲಿಯಾಚೆಯಿಂದಲೇ, "ಏನಮ್ಮಾ, ಇವತ್ತು ಸಾಬಕ್ಕಿ ಪಾಯಸ ಇಲ್ವಾ?" ಅಂತ ಅತ್ತೆಯನ್ನು ದಿನಾ ಕೆಣಕುತ್ತಿದ್ದರು.

ಆ ಗೆಳತಿಯರು ಒಂದು ದಿನ ಮಗು ನೋಡಲು ಬಂದರು. ನಾನು ಎದ್ದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಅತ್ತೆಯ ಧ್ವನಿಯಲ್ಲೇ "ಮಗೂ ಹೊಟ್ಟೆಯಿಂದ ಎಂತದೋ ಹೋಗಿದೆ!" ಅಂತ ಆ್ಯಕ್ಟ್ ಮಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಅತ್ತೆ. ಚಹಾ ಇಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಬಕೆಟ್ ಇದ್ದಲ್ಲೇ ಇತ್ತು.

"ನೀವೇ ಒಗೆದುಕೊಳ್ಳಿ. ನಂಗೆ ನಿಮ್ಮ ಹೊಸ ನಮೂನೆ ಎಲ್ಲ ತಿಳಿಯೂದಿಲ್ಲ. ಮತ್ತೆ ಎಂತಾರೂ ಹಾಳು ಮಾಡಿದ್ರೆ ಊರೆಲ್ಲ ನಗಬೇಕು" ಅಂದರು. ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ. ಅವರು ಮೆತ್ತಗೆ ಹೇಳಿದರು.

ಈಗ ಅವರ ಒಗೆತದ ಬಗ್ಗೆ ಹೇಳಲೇಬೇಕು. ತಮ್ಮ ಹಳೇ ನೂಲಿನ ಸೀರೆಗಳನ್ನು ಚೌಕಾಕಾರ ಹರಿದು, ಅಂಚು ಮಡಚಿ ಹೊಲಿದು, ಮಗಳಿಗೆ ಲಂಗೋಟಿ ಮಾಡಿದ್ದರು. ಅಂಟವಾಳದ ನೀರಲ್ಲಿ ಒಗೆದು, ನಾಲ್ಕು ಸಲ ಬೇರೆ ಬೇರೆ ನೀರಲ್ಲಿ ಹಿಂಡುತ್ತಿದ್ದರು. ಒಣಗಿದ ಮೇಲೆ ಒಂದೊಂದನ್ನೂ ತಮ್ಮ ಕೆನ್ನೆಗೆ ಒತ್ತಿ ನೋಡುವುದು. ದೊರಗು ಅನಿಸಿದರೆ ಅದು ಪುನಃ ನೀರಿಗೆ!

ನಾನು? ಸೋಪಿನ ಪುಡಿ ಸುರಿದೆ, ಎರಡು ಸಲ ಕುಕ್ಕಿದೆ, ಒಂದು ನೀರು ತೋರಿಸಿ ಹಗ್ಗಕ್ಕೆ ಹಾಕಿದೆ. ಜೂನ್ ಬಂತು, ಶಾಲೆ ಶುರುವಾಯಿತು, ಎಂಟೂವರೆಯ ಕುಮಟಾ ಬಸ್ಸು ಬೇರೆ. ವಾರದೊಳಗೆ ಮಗಳ ತೊಡೆಸಂದಿಯಲ್ಲಿ ಕೆಂಪು ಬೊಕ್ಕೆ ಎದ್ದವು. ಮುಟ್ಟಿದರೆ ಕಿಟಾರನೆ ಕಿರುಚುತ್ತಿದ್ದಳು.

ಅವತ್ತು ಒಗೆಯುವ ಕಲ್ಲಿನ ಮುಂದೆ ನಿಂತು ನನಗೆ ಅಳುವೇ ಬಂತು. ಡೈಪರ್ ಹರಿದ ದಿನ ಮನೆಯಲ್ಲಿ ನಾವೆಲ್ಲ ನಗುತ್ತಿದ್ದಾಗ ನನ್ನ ಮಗುವಿಗಾಗಿ ಹೆದರಿದವರು ಅವರೊಬ್ಬರೇ. ಅವರನ್ನೇ ನಾನು ಹತ್ತು ಜನರ ಮುಂದೆ ತಮಾಷೆ ಮಾಡಿದ್ದೆ. ನಾಚಿಕೆ ಆಯಿತು ನನಗೆ, ನಿಜವಾಗಿ.

ಒಳಗೆ ಹೋಗಿ ನಿಂತೆ. "ಅತ್ತೆ, ನಂಗೆ ಒಗೆಯೂಕೆ ಬರೂದಿಲ್ಲ. ಕಲಿಸಿಕೊಡಿ" ಅಂದೆ. ತಪ್ಪಾಯಿತು ಅನ್ನಲು ಹೋದದ್ದು, ಬಾಯಲ್ಲಿ ಬಂದದ್ದು ಅಷ್ಟೇ.

ಅವರು ನನ್ನ ಮುಖ ನೋಡಿದರು. ಎದ್ದು ಬಂದು, ಬಕೆಟ್ಟಿನಿಂದ ಒಂದು ಲಂಗೋಟಿ ಎತ್ತಿ ಮೂಸಿದರು.

"ಅಯ್ಯೋ, ಸೋಪೆಲ್ಲ ಇದ್ರೊಳಗೇ ಉಂಟಲ್ಲೇ! ಕೊಡು ಇಲ್ಲಿ. ನೀ ಹೊರಡು, ಬಸ್ಸಿಗೆ ಹೊತ್ತಾತು."

ಸಂಜೆ ಬರುವಷ್ಟರಲ್ಲಿ ಬಚ್ಚಲೊಲೆಯ ಮೇಲಿನ ಹಗ್ಗದ ತುಂಬ ಲಂಗೋಟಿಗಳು ಆರುತ್ತಿದ್ದವು. ಮಗಳು ಬರಿ ಮೈಯಲ್ಲಿ, ತೊಡೆಗೆ ತೆಂಗಿನೆಣ್ಣೆ ಹಚ್ಚಿಸಿಕೊಂಡು, ಅಜ್ಜಿಯ ಮಡಿಲಲ್ಲಿ ಆರಾಮಾಗಿ ಮಲಗಿದ್ದಳು.

ಆಮೇಲೆ ಶಾಲಿನಿಬಾಯಿ ಪುನಃ ಪಾಯಸದ ಸುದ್ದಿ ತೆಗೆದಾಗ ನಾನು ಬಾಯಿ ಬಿಡುವ ಮೊದಲೇ ಅತ್ತೆ ಶುರು ಮಾಡಿದರು. "ಅದು ಬಿಡಿ, ನಮ್ಮ ಟೀಚರು ಬಟ್ಟೆ ಒಗೆದ ಕಥೆ ಗೊತ್ತುಂಟಾ ನಿಮ್ಗೆ?" ಸೊಂಟಕ್ಕೆ ಸೆರಗು ಸಿಕ್ಕಿಸಿ, ಕುಕ್ಕಿ, ಝಾಡಿಸಿ, ವಾಚು ನೋಡಿ ಬಸ್ಸಿಗೆ ಓಡುವುದನ್ನೆಲ್ಲ ಮಾಡಿ ತೋರಿಸಿದರು. ನನಗಿಂತ ಚೆನ್ನಾಗಿಯೇ ಆ್ಯಕ್ಟ್ ಮಾಡಿದರು ಮಾರಾಯ್ರೆ! ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಆಮೇಲೆ ಎಷ್ಟೋ ವರ್ಷ ಒಂದೇ ಮನೆಯಲ್ಲಿದ್ದೆವು. ಅತ್ತೆ ಈಗ ಇಲ್ಲ. ತಪ್ಪಾಯಿತು ಅನ್ನುವ ಆ ಒಂದು ಮಾತನ್ನು ಮಾತ್ರ ನಾನು ಅವರಿಗೆ ಹೇಳಲೇ ಇಲ್ಲ... ನಿಮ್ಮಲ್ಲೂ ಯಾರಿಗಾದರೂ ಹೇಳದೆ ಉಳಿಸಿಕೊಂಡದ್ದು ಇದೆಯಾ?