ಗುಡ್ಡ ದಾಟಿದ ನಾರಿಹಳ್ಳ

“ನೀ ಡಿಗ್ರಿ ಮುಗ್ಸಾದೂ, ನಮ್ಮ ನಾರಿಹಳ್ಳ ಗುಡ್ಡ ದಾಟಾದೂ ಒಂದ. ಎರಡೂ ಆಗಾದಲ್ಲ ಬಿಡವ್ವ” ಎಂದವನು ನನ್ನ ಸೋದರಮಾವ. ಅದಿರಿನ ಲಾರಿ ಓಡಿಸುತ್ತಿದ್ದ, ಬಾಯಿಯೂ ಹಾರನ್ನೇ. ಇವತ್ತಿಗೂ ಎಲ್ಲಾದರೂ ಸೋಡಾ ಹಾಕಿ ಬಟ್ಟೆ ಕುದಿಸುವ ವಾಸನೆ ಬಂದರೆ ಸಂಡೂರಿನ ಆ ಮನೆ, ಆ ಮಾತು ಒಟ್ಟಿಗೇ ಎದ್ದು ಬರುತ್ತವೆ.

ನಮ್ಮದು ಊರಿನ ಬಟ್ಟೆ ಒಗೆಯುವ ಮನೆ. ಹಿತ್ತಿಲಲ್ಲಿ ಹಂಡೆ, ಹಂಡೆಯ ಮುಂದೆ ಅಜ್ಜಿ, ಆಚೆಗೆ ಹಳ್ಳ. ಅವಳು ಒಗೆದು ಬಂಡೆಗಳ ಮೇಲೆ ಹರವಿದ ಪಂಚೆಗಳನ್ನು ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಆಮೇಲೆ ಲಾರಿಗಳು ಹೆಚ್ಚಾದವು. ಬೇವಿನ ಎಲೆ ಕೆಂಪಾಯಿತು, ಉಣ್ಣುವ ಅನ್ನದ ಮೇಲೂ ಧೂಳು ಕೂತಿತು, ಮಳೆ ಬಂದರೆ ಹಳ್ಳ ಕುಂಕುಮ ಕದಡಿದಂತೆ ಹರಿಯಿತು. ಬಿಳಿ ಪಂಚೆ ಅದ್ದಿದರೆ ಕಾವಿಯಾಗಿ ಮೇಲೆ ಬರುತ್ತಿತ್ತು. “ಊರ ಮಂದಿಗೆಲ್ಲ ಸನ್ಯಾಸ ಕೊಡಾಕ ಹತ್ತೇನಿ ನೋಡು” ಎಂದು ಅಜ್ಜಿ ನಗುತ್ತಿದ್ದಳು. ಒಂದೊಂದೇ ಮನೆಯವರು ಬಟ್ಟೆ ಕೊಡುವುದನ್ನು ಬಿಟ್ಟರು. ಅವಳ ನಗುವೂ ಕಡಿಮೆಯಾಯಿತು.

ನಾನು ಬಸ್ಸಿನಲ್ಲಿ ಹೊಸಪೇಟೆಯ ಕಾಲೇಜಿಗೆ ಹೋಗಿಬರುತ್ತಿದ್ದೆ. ಕೊನೆಯ ವರ್ಷ, ಒಂದು ನದಿಯ ಮೇಲೆ ಪ್ರಬಂಧ ಬರೆಯಿರಿ ಎಂದು ಮೇಷ್ಟ್ರು ಹೇಳಿದಾಗ ಎಲ್ಲರೂ ತುಂಗಭದ್ರೆ ಎಂದರು. ನಾನು ನಾರಿಹಳ್ಳ ಎಂದೆ. ಕ್ಲಾಸೆಲ್ಲ ನಕ್ಕಿತು. ಭೂಪಟದ ಮೇಲೆ ಬೆರಳಿಟ್ಟು ಹಳ್ಳದ ಜೊತೆ ಹೋದೆ: ಒಂದು ಕಡೆ ಗುಡ್ಡ ಸೀಳಿ ಕಣಿವೆಗೆ ಇಳಿಯುತ್ತದೆ, ಇನ್ನೊಂದು ಕಡೆ ಮತ್ತೆ ಸೀಳಿ ಹೊರಬೀಳುತ್ತದೆ, ದರೋಜಿ ಕೆರೆ ಮುಟ್ಟಿ ಕಂಪ್ಲಿಯ ಕಡೆ ತುಂಗಭದ್ರೆಯನ್ನೇ ಸೇರುತ್ತದೆ. ಹಳ್ಳ ಗುಡ್ಡವನ್ನು ಹತ್ತಿ ದಾಟಿರಲಿಲ್ಲ, ಕೊರೆದು ದಾಟಿತ್ತು. ಮಾವ ದಿನಾ ಲಾರಿ ಹಾಯಿಸುತ್ತಿದ್ದದ್ದು ಆ ಸೀಳಿನಲ್ಲೇ!

ಪ್ರಬಂಧಕ್ಕೆಂದು ಓದುವಾಗ ಇನ್ನೊಂದು ಗೊತ್ತಾಯಿತು: ವಿಜಯನಗರಕ್ಕಿಂತ ಎಷ್ಟೋ ಮೊದಲು, ಕಲ್ಲನ್ನೇ ಉಜ್ಜಿ ಕೊಡಲಿ ಮಾಡಿಕೊಂಡ ಜನ ಈ ಸೀಮೆಯಲ್ಲಿ ಬದುಕಿದ್ದರು. ‘ಸಿಡಿಲಿನ ಕಲ್ಲು’ ಎಂದು ಅಜ್ಜಿ ಬಚ್ಚಲಲ್ಲಿಟ್ಟುಕೊಂಡು ಹಿಮ್ಮಡಿ ತಿಕ್ಕುತ್ತಿದ್ದ ಕಲ್ಲನ್ನು ಒಯ್ದು ತೋರಿಸಿದರೆ, ಅದು ಅಂಥ ಕೊಡಲಿಯೇ ಎಂದರು ಮೇಷ್ಟ್ರು. ಓಡಿಬಂದು ಹೇಳಿದೆ. ಅಜ್ಜಿ ಕೇಳಿದ್ದು ಒಂದೇ: “ಅವರ ಬಟ್ಟಿ ಯಾರು ಒಗೀತಿದ್ರಂತ?”

ಈಗ ಅಜ್ಜಿ ಇಲ್ಲ. ಹಂಡೆಯಿದ್ದ ಜಾಗದಲ್ಲಿ ರಸ್ತೆಯಿದೆ. ಲಾರಿಗಳು ಕಡಿಮೆಯಾದ ಮೇಲೆ ಹಳ್ಳ ಮಾತ್ರ ವರ್ಷವರ್ಷಕ್ಕೂ ಒಂದಿಷ್ಟು ತಿಳಿಯಾಗುತ್ತಿದೆ. ಹೋದಾಗಲೆಲ್ಲ ಕಾಲಿಟ್ಟು ನೋಡುತ್ತೇನೆ.

ಅಜ್ಜಿ ಇನ್ನೂ ಇದ್ದಾಗ, ನಾನು ಡಿಗ್ರಿ ಸರ್ಟಿಫಿಕೇಟ್ ತಂದ ದಿನ ಮಾವ ಬಾಗಿಲಲ್ಲೇ ನಿಂತು, “ದಾಟೇಬಿಟ್ಟಲ್ಲವ್ವ!” ಎಂದ. ಅದನ್ನು ಅಜ್ಜಿಯ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಓದಲು ಬಾರದು. ಬಿಸಿಲಿಗೆ ಎತ್ತಿ ಹಿಡಿದು, ಪಂಚೆ ನೋಡುವಂತೆ ನೋಡಿದಳು.

“ಇಷ್ಟು ಬೆಳ್ಳಗಿಂದು ನಮ್ಮ ಹಳ್ಳದಿಂದ ಮನಿಗೆ ಬಂದು ಭಾಳ ದಿನ ಆಗಿತ್ತವ್ವ.”